ನೀಲಗಿರಿಯ ಹಟ್ಟಿಗಳು: ಬಿಳಿ ಬೆಳಗು, ಉಪ್ಪಿನ ಹಬ್ಬ, ಪಾಪ ಹೊತ್ತ ಕರು

ಪ್ರತಿ ವರ್ಷ ಡಿಸೆಂಬರ್ ಮುಗಿಯುತ್ತಿದ್ದಂತೆ ಒಂದೇ ಬಗೆಯ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತವೆ. ಊಟಿಯ ಮೈದಾನದ ಹುಲ್ಲು ಬೆಳಗಾಗುವಷ್ಟರಲ್ಲಿ ಬೆಳ್ಳಗಾಗಿರುತ್ತದೆ. ಹೊರಗೆ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಯಾರೋ ಪುಡಿಯುಪ್ಪು ಉದುರಿಸಿದಂತಿರುತ್ತದೆ. ಜೊತೆಗೆ ‘ಊಟಿಯಲ್ಲಿ ಹಿಮಪಾತ’ ಎಂಬ ಒಕ್ಕಣೆ. ಅದನ್ನು ಕಂಡ ವಾರಾಂತ್ಯದಲ್ಲೇ ಮೈಸೂರು, ಬೆಂಗಳೂರುಗಳಿಂದ ಹೊರಟ ಕಾರುಗಳು ಗುಂಡ್ಲುಪೇಟೆ, ಬಂಡೀಪುರ ದಾಟಿ, ಕೆಲವು ಗೂಡಲೂರಿನ ದಾರಿಯಾಗಿ, ಕೆಲವು ಮಸಿನಗುಡಿಯ ಮೇಲಿನ ಕಲ್ಲಟ್ಟಿಯ 36 ಕಡಿದಾದ ತಿರುವುಗಳನ್ನು ಹತ್ತಿ, ನೀಲಗಿರಿಯ ನೆತ್ತಿಯನ್ನು ಸೇರುತ್ತವೆ.

ಹೀಗೆ ಬಂದ ಕನ್ನಡಿಗರಿಗೆ ಅಲ್ಲಿ ಎರಡು ಸಂಗತಿಗಳು ಬೆರಗು ಹುಟ್ಟಿಸುತ್ತವೆ. ಆ ಬಿಳುಪು ತಗ್ಗುಗಳಲ್ಲಿ ಮಾತ್ರ ಇರುತ್ತದೆ, ಬಿಸಿಲೇರುವಷ್ಟರಲ್ಲಿ ಸುಳಿವಿಲ್ಲದೆ ಕರಗುತ್ತದೆ ಎಂಬುದು ಒಂದು. ಊಟಿಯಿಂದ ಹೊರಬಿದ್ದು ಕೇತಿ, ತೂನೇರಿ, ನಂಜನಾಡುಗಳ ಕಡೆಗೆ ನಡೆದರೆ ಚಹಾ ಅಂಗಡಿಯಲ್ಲಿ ಕೇಳಿಬರುವ ಮಾತು ತಮಿಳೂ ಆಗಿರದೆ, ನಾವಾಡುವ ಕನ್ನಡವೂ ಆಗಿರದೆ, ಅರ್ಧಕ್ಕರ್ಧ ತಿಳಿಯುವಂತಿರುತ್ತದೆ ಎಂಬುದು ಇನ್ನೊಂದು. ಅದು ಬಡಗರ ಮಾತು; ಆ ಊರುಗಳು ಬಡಗರ ಹಟ್ಟಿಗಳು. ಅಲ್ಲಿನ ಚಳಿ, ಹುಲ್ಲು, ನೀರುಗಳನ್ನು ತಿಳಿಯದೆ ಅಲ್ಲಿನ ಕತೆಗಳನ್ನು ಓದಿದರೆ ಅವು ಬರಿಯ ವಿಚಿತ್ರ ನಂಬಿಕೆಗಳಾಗಿ ಕಾಣುತ್ತವೆ. ಆದ್ದರಿಂದ ಈ ಲೇಖನವು ಮೊದಲು ಚಳಿಯನ್ನು ವಿವರಿಸಿ, ಅನಂತರ ಕತೆಗಳಿಗೆ ಬರುತ್ತದೆ.

ಆ ಬಿಳುಪು ಏನು?

ಊಟಿಯಲ್ಲಿ ಚಳಿಗಾಲದ ಬೆಳಗಿನಲ್ಲಿ ಕಾಣುವುದು ಆಕಾಶದಿಂದ ಬಿದ್ದ ಹಿಮವಲ್ಲ. ಮೋಡದೊಳಗೆ ರೂಪುಗೊಂಡ ಹರಳುಗಳು ಉದುರಿದರೆ ಅದು ಹಿಮಪಾತ. ನೀಲಗಿರಿಯಲ್ಲಿ ನಡೆಯುವುದು ಅದಕ್ಕೆ ತೀರ ಬೇರೆಯಾದ ಕ್ರಿಯೆ: ನೆಲಕ್ಕೆ ತಾಗಿಕೊಂಡಿರುವ ಗಾಳಿಯ ತೇವಾಂಶವು ಹುಲ್ಲಿನ ಎಸಳಿನ ಮೇಲೆಯೇ ಹರಳುಗಟ್ಟುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಫ್ರಾಸ್ಟ್ ಎನ್ನುತ್ತಾರೆ. ಹೆಪ್ಪುಗಟ್ಟಿದ ಇಬ್ಬನಿ ಎಂದರೆ ನಮಗೆ ಹತ್ತಿರವಾದ ಮಾತಾದೀತು. ಇದಕ್ಕೆ ಮೋಡ ಬೇಕಿಲ್ಲ. ನಿಜ ಹೇಳಬೇಕೆಂದರೆ ಮೋಡವಿದ್ದರೆ ಇದು ಆಗುವುದೇ ಇಲ್ಲ.

ಕಾರಣ ಹೀಗಿದೆ. ಹಗಲಿನಲ್ಲಿ ಬಿಸಿಲುಂಡ ನೆಲವು ರಾತ್ರಿಯಿಡೀ ಆ ಶಾಖವನ್ನು ಆಕಾಶಕ್ಕೆ ಹಿಂದಿರುಗಿಸುತ್ತಿರುತ್ತದೆ, ಒಲೆಯಿಂದ ಇಳಿಸಿದ ಕಾವಲಿ ತನ್ನಷ್ಟಕ್ಕೆ ತಣ್ಣಗಾಗುವ ಹಾಗೆ. ಮೋಡ ಕವಿದಿದ್ದರೆ ಅದು ಹೊದಿಸಿದ ಕಂಬಳಿಯಂತೆ ಆ ಶಾಖದ ಒಂದು ಪಾಲನ್ನು ನೆಲಕ್ಕೇ ಮರಳಿಸುತ್ತದೆ. ಮಳೆಗಾಲ ಮುಗಿದು, ಆಕಾಶ ತಿಳಿಯಾಗಿ, ಗಾಳಿ ಒಣಗಿ ನಿಂತ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಆ ಕಂಬಳಿ ಇರುವುದಿಲ್ಲ. ಹುಲ್ಲಿನ ಎಸಳು ತೆಳ್ಳಗಿರುವುದರಿಂದ ತನ್ನಲ್ಲಿದ್ದ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಮಣ್ಣಿಗೂ ಎಸಳಿಗೂ ನಡುವೆ ಗಾಳಿಯ ಪದರವಿರುವುದರಿಂದ ಮಣ್ಣಿನ ಬೆಚ್ಚಗೂ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಆಳೆತ್ತರದಲ್ಲಿ ಕಟ್ಟಿದ ಉಷ್ಣಮಾಪಕವು 2 ಅಥವಾ 3 ಡಿಗ್ರಿ ತೋರಿಸುತ್ತಿರುವಾಗಲೇ ಹುಲ್ಲಿನ ತುದಿ ಸೊನ್ನೆಗಿಂತ ಕೆಳಗಿಳಿದಿರುತ್ತದೆ. ಸ್ಕೂಟರಿನ ಸೀಟು ಬೆಳ್ಳಗಾಗುವುದಕ್ಕೂ ಇದೇ ಕಾರಣ.

ಇಷ್ಟು ಚಳಿ ಅಲ್ಲಿಗೆ ಬಂದದ್ದಾದರೂ ಎಲ್ಲಿಂದ ಎಂದರೆ, ಎತ್ತರದಿಂದ. ಪ್ರತಿ 1,000 ಮೀಟರ್ ಏರಿದಾಗ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮೈಸೂರಿಗಿಂತ ಹೆಚ್ಚುಕಡಿಮೆ 1,500 ಮೀಟರ್ ಮೇಲೆ. ಎಂದರೆ ಎತ್ತರವೊಂದೇ ಒಂಬತ್ತು ಹತ್ತು ಡಿಗ್ರಿಯ ವ್ಯತ್ಯಾಸವನ್ನು ತರುತ್ತದೆ. ಉಳಿದ ಕೆಲಸವನ್ನು ತಿಳಿಯಾದ ಆಕಾಶ ಮಾಡುತ್ತದೆ.

ತಗ್ಗಿಗೆ ಇಳಿಯುವ ಚಳಿ

ಬೆಟ್ಟದ ಮೇಲಿದ್ದಷ್ಟೂ ಚಳಿ ಹೆಚ್ಚು ಎಂಬ ನಮ್ಮ ತಿಳಿವಳಿಕೆ ನೀಲಗಿರಿಯ ಚಳಿಗಾಲದ ರಾತ್ರಿಯಲ್ಲಿ ತಲೆಕೆಳಗಾಗುತ್ತದೆ. ತಣ್ಣಗಾದ ಗಾಳಿ ಬೆಚ್ಚಗಿನ ಗಾಳಿಗಿಂತ ಭಾರ. ಇಳಿಜಾರಿನ ಮೇಲೆ ತಣ್ಣಗಾದ ಗಾಳಿಯು ನೀರಿನ ಹಾಗೆಯೇ ಕೆಳಕ್ಕೆ ಜಾರಿ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಮಡುಗಟ್ಟುತ್ತದೆ. ಬೆಳಗಿನ ಜಾವ ಇಂಥ ತಗ್ಗಿನ ಅಂಚಿನಲ್ಲಿ ನಿಂತು ನೋಡಿದರೆ, ಹಳ್ಳದ ಪಕ್ಕದ ಹುಲ್ಲೆಲ್ಲ ಬೆಳ್ಳಗಿದ್ದು, ಮೂವತ್ತು ನಲವತ್ತು ಹೆಜ್ಜೆ ಮೇಲಿನ ಹುಲ್ಲು ಬರಿಯ ಇಬ್ಬನಿಯಿಂದ ಒದ್ದೆಯಾಗಿರುವುದು ಕಾಣುತ್ತದೆ. ನಡುವೆ ಕೆರೆಯ ದಡದಂತೆ ಒಂದು ಗೆರೆಯೇ ಇರುತ್ತದೆ. ಬಡಗರ ಹಳೆಯ ಹಟ್ಟಿಗಳು ಹೆಚ್ಚಾಗಿ ಇರುವುದು ದಿನ್ನೆಗಳ ಮೇಲೆ ಇಲ್ಲವೆ ಇಳಿಜಾರಿನಲ್ಲಿ, ಒಂದಕ್ಕೊಂದು ಗೋಡೆ ಕೂಡಿದ ಮನೆಗಳ ಉದ್ದನೆಯ ಸಾಲುಗಳಾಗಿ. ಅದಕ್ಕೆ ನೀರಿನ ಬಸಿ, ಹೊಲದ ಕಾವಲು ಮುಂತಾದ ಬೇರೆ ಕಾರಣಗಳೂ ಇರಬಹುದು. ಆದರೆ ಚಳಿ ಮಡುಗಟ್ಟುವ ತಗ್ಗಿನಿಂದ ಆ ಸಾಲುಗಳು ದೂರವೇ ಉಳಿದಿವೆ.

ಹುಲ್ಲು ಮತ್ತು ಶೋಲೆ

ನೀಲಗಿರಿಯ ಮೂಲ ಭೂದೃಶ್ಯವನ್ನು ಕುದುರೆಮುಖವನ್ನೋ ಬಾಬಾಬುಡನ್ ಗಿರಿಯನ್ನೋ ನೋಡಿದವರು ಸುಲಭವಾಗಿ ಊಹಿಸಿಕೊಳ್ಳಬಹುದು. ಗುಡ್ಡಗಳ ಮೈಯೆಲ್ಲ ಹುಲ್ಲು. ನೀರು ಜಿನುಗುವ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಆ ಕಾಡಿಗೆ ಶೋಲೆ ಅಥವಾ ಶೋಲಾ ಎಂದು ಹೆಸರು. ಅದರೊಳಗಿನ ಕೊಂಬೆಗಳ ಮೇಲೆ ಪಾಚಿ ಮತ್ತು ಕಲ್ಲುಹೂಗಳು ಗಡ್ಡದಂತೆ ಜೋತಿರುತ್ತವೆ.

ಹುಲ್ಲು ಮತ್ತು ಕಾಡು ಹೀಗೆ ಕತ್ತರಿಸಿಟ್ಟಂತೆ ಬೇರೆಬೇರೆಯಾಗಿರುವುದೇಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಮೇಲೆ ಹೇಳಿದ ಫ್ರಾಸ್ಟ್‌ನಲ್ಲಿಯೇ ಇದೆ. ಶೋಲೆಯ ಮರದ ಎಳೆಯ ಸಸಿಯು ಬಯಲಿನಲ್ಲಿ ಮೊಳೆತರೆ ಅದರ ಚಿಗುರು ತುದಿಯಲ್ಲಿರುವುದರಿಂದ ಒಂದೇ ರಾತ್ರಿಯ ಚಳಿಗೆ ಸುಟ್ಟಂತಾಗುತ್ತದೆ. ಹುಲ್ಲಿನ ಮೊಳಕೆ ನೆಲದ ಮಟ್ಟದಲ್ಲಿ, ಬುಡದ ನಡುವೆ ಅಡಗಿರುತ್ತದೆ. ಮೇಲಿನ ಎಸಳು ಕರಕಲಾದರೂ ಬುಡ ಮತ್ತೆ ಚಿಗುರುತ್ತದೆ. ಶೋಲೆಯ ಒಳಗಾದರೋ ಮರಗಳ ಎಲೆಯ ಚಾವಣಿಯೇ ಕಂಬಳಿಯಾಗುವುದರಿಂದ ಸಸಿಗಳು ಬದುಕುತ್ತವೆ. ಬೆಂಕಿ, ಮಣ್ಣಿನ ಆಳ, ಮೇಯುವ ಪ್ರಾಣಿಗಳೂ ಈ ಗಡಿಯನ್ನು ಕಾಯುವುದರಲ್ಲಿ ಪಾಲು ಹೊಂದಿವೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಈ ಗಡಿಯಾಚೆ ಬಯಲಿನಲ್ಲಿ ಧೈರ್ಯವಾಗಿ ನಿಲ್ಲುವ ಮರವೆಂದರೆ ಕೆಂಪು ಹೂವಿನ ರೋಡೋಡೆಂಡ್ರನ್ ಒಂದೇ ಎನ್ನಬಹುದು. ಅದರ ಹತ್ತಿರದ ಬಂಧುಗಳು ಇರುವುದು ಹಿಮಾಲಯದಲ್ಲಿ. ಭೂಮಿ ಈಗಿಗಿಂತ ತಂಪಾಗಿದ್ದ ಕಾಲದಲ್ಲಿ ದಕ್ಷಿಣಕ್ಕೆ ಹರಡಿ, ಮತ್ತೆ ಬಿಸಿಯಾದಾಗ ಈ ಎತ್ತರಗಳಲ್ಲಿ ಉಳಿದುಕೊಂಡ ಸಂತತಿ ಇದೆಂದು ಊಹೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಈ ಹುಲ್ಲುಗಾವಲು ಒಂದು ಕಾಲದಲ್ಲಿ ಕಾಡಾಗಿದ್ದು ಜನರು ಕಡಿದು ಬೋಳಾಯಿತೆಂದು ಬಹಳ ಕಾಲ ನಂಬಲಾಗಿತ್ತು. ನೀಲಗಿರಿಯ ಜೌಗು ತಗ್ಗುಗಳಲ್ಲಿ ಸಾವಿರಾರು ವರ್ಷಗಳಿಂದ ಪದರಪದರವಾಗಿ ಕುಳಿತ ಅರೆಗೊಳೆತ ಸಸ್ಯಗಳ ಕಪ್ಪು ಮಣ್ಣನ್ನು ತೆಗೆದು ಪರೀಕ್ಷಿಸಿದಾಗ ಬೇರೆಯೇ ಚಿತ್ರ ದೊರಕಿತು. ಉಷ್ಣವಲಯದ ಹುಲ್ಲು ಮತ್ತು ಮರಗಳು ಗಾಳಿಯಿಂದ ಇಂಗಾಲವನ್ನು ಹೀರುವ ಬಗೆ ಬೇರೆಬೇರೆಯಾಗಿರುವುದರಿಂದ ಅವು ಕೊಳೆತ ಮೇಲೂ ಆ ಗುರುತು ಮಣ್ಣಿನಲ್ಲಿ ಉಳಿಯುತ್ತದೆ. ಆ ಗುರುತುಗಳ ಪ್ರಕಾರ 20,000 ವರ್ಷಗಳ ಹಿಂದೆಯೂ ಇಲ್ಲಿ ಹುಲ್ಲಿತ್ತು. ಹವೆ ಒಣಗಿದಾಗ ಹುಲ್ಲು ಹಬ್ಬಿದೆ, ತೇವವಾದಾಗ ಶೋಲೆ ಹಬ್ಬಿದೆ. ಎಂದರೆ ಎಮ್ಮೆ ಕಾಯುವವರು ಬರುವುದಕ್ಕೂ ಬಹಳ ಮೊದಲೇ ಅವರಿಗೆ ಬೇಕಾದ ಹುಲ್ಲು ಅಲ್ಲಿ ಸಿದ್ಧವಾಗಿತ್ತು.

ಬಡಗರು ಎಲ್ಲಿಂದ ಬಂದರು?

ಬಡಗ ಎಂಬುದರ ಅರ್ಥ ಬಡಗಣದವನು, ಉತ್ತರದವನು ಎಂದು. ನೀಲಗಿರಿಯ ಉತ್ತರಕ್ಕೆ ಇರುವುದು ಮೋಯಾರ್ ಕಣಿವೆ, ಅದರಾಚೆ ಗುಂಡ್ಲುಪೇಟೆ, ಚಾಮರಾಜನಗರ, ನಂಜನಗೂಡು. 2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿಯೆಂದು ಹೇಳಿದವರು ಸುಮಾರು 1.33 ಲಕ್ಷ. ತಮ್ಮ ನಾಡನ್ನು ಅವರು ‘ನಾಕು ಬೆಟ್ಟ’ ಎಂದು ಕರೆದುಕೊಳ್ಳುತ್ತಾರೆ. ಅದು ತೊದನಾಡು, ಪೊರಂಗಾಡು, ಮೇಕುನಾಡು, ಕುಂದೆ ಎಂಬ ನಾಲ್ಕು ಸೀಮೆಗಳಾಗಿ ಹಂಚಿಕೊಂಡಿದೆ. ಹಿರಿಯರು ಕೂಡಿ ವ್ಯಾಜ್ಯ ಬಗೆಹರಿಸುವ ಕಲ್ಲುಹಾಸಿನ ಕಟ್ಟೆಗೆ ಸುತ್ತುಕಲ್ಲು ಎನ್ನುತ್ತಾರೆ. ಹಟ್ಟಿ, ಬೆಟ್ಟ, ಸೀಮೆ, ಸುತ್ತುಕಲ್ಲು: ಇವುಗಳಲ್ಲಿ ಯಾವುದಕ್ಕೂ ಕನ್ನಡಿಗರಿಗೆ ನಿಘಂಟು ಬೇಕಾಗದು.

ಅವರ ವಲಸೆಯ ಕತೆ ಹೀಗಿದೆ. ಮೈಸೂರು ಸೀಮೆಯಲ್ಲಿ ಅಣ್ಣತಮ್ಮಂದಿರೂ ಅವರ ಚೆಲುವೆಯಾದ ತಂಗಿಯೂ ಇದ್ದರು. ಅಲ್ಲಿನ ಅರಸನ ಕಣ್ಣು ಆ ತಂಗಿಯ ಮೇಲೆ ಬಿದ್ದಿತು. ಅವಳನ್ನು ಕೊಡಲು ಒಪ್ಪದೆ ಮನೆಮಂದಿಯೆಲ್ಲ ರಾತ್ರಿಯಲ್ಲಿ ಹೊರಟು, ಬೆನ್ನಟ್ಟಿದ ಸೈನ್ಯದ ಎದುರು ತುಂಬಿದ ಹೊಳೆ ದಾರಿ ಬಿಡಲಾಗಿ ದಾಟಿ, ಬೆಟ್ಟ ಹತ್ತಿ ಹಟ್ಟಿಗಳನ್ನು ಕಟ್ಟಿಕೊಂಡರು. ಈ ಕತೆಗೆ ಹಲವು ಪಾಠಗಳಿವೆ. ಅರಸನ ಹೆಸರೂ ಕಾಲವೂ ಹೇಳುವವರಿಂದ ಹೇಳುವವರಿಗೆ ಬದಲಾಗುತ್ತವೆ.

ಕತೆಯನ್ನು ಚರಿತ್ರೆಯ ಪಕ್ಕದಲ್ಲಿಟ್ಟು ನೋಡಲು ಎರಡು ಸಾಧನಗಳಿವೆ. ಒಂದು, ದಾಖಲೆ: 1603ರಲ್ಲಿ ಮಲಬಾರಿನ ಕಡೆಯಿಂದ ಬೆಟ್ಟ ಹತ್ತಿದ ಜೆಸ್ಯುಯಿಟ್ ಪಾದ್ರಿಯೊಬ್ಬರು ಅಲ್ಲಿ ತೋಡರನ್ನೂ ಬಡಗರನ್ನೂ ಕಂಡು ಬರೆದಿಟ್ಟಿದ್ದಾರೆ. ಆದ್ದರಿಂದ ಆ ಹೊತ್ತಿಗಾಗಲೇ ಹಟ್ಟಿಗಳಿದ್ದವು. 1565ರಲ್ಲಿ ವಿಜಯನಗರ ಕುಸಿದ ಮೇಲಿನ ಗೊಂದಲದ ದಶಕಗಳಲ್ಲಿ ಅವರು ಬಂದಿರಬೇಕೆಂದು ಹಲವು ವಿದ್ವಾಂಸರು ಹೇಳುವುದು ಇದಕ್ಕೆ ಹೊಂದುತ್ತದೆ. ಎರಡನೆಯದು, ಭಾಷೆ. ಹಳಗನ್ನಡದ ‘ಪಾಲ್’ ನಡುಗನ್ನಡದ ಕಾಲಕ್ಕೆ ‘ಹಾಲು’ ಆಯಿತು. ಪಕಾರ ಹಕಾರವಾದ ಆ ಬದಲಾವಣೆ ಬಡಗದಲ್ಲೂ ಇದೆ. ಹಾಗಾದರೆ ಆ ಬದಲಾವಣೆ ನಡೆದಾದ ಮೇಲೆಯೇ ಅವರ ಮಾತು ನಮ್ಮ ಮಾತಿನಿಂದ ಕವಲೊಡೆದಿರಬೇಕು. ಕವಲೊಡೆದ ಮೇಲೆ ಅದು ತನ್ನದೇ ದಾರಿ ಹಿಡಿದಿದೆ. ನಾಲಗೆಯ ತುದಿಯನ್ನು ಮಡಿಸಿ ನುಡಿಯುವ ಸ್ವರಗಳು ಬಡಗದಲ್ಲಿರುವುದನ್ನು ಕಳೆದ ಶತಮಾನದಲ್ಲಿ ಭಾಷಾವಿಜ್ಞಾನಿಗಳು ಗುರುತಿಸಿದರು. ‘ಳ’ವನ್ನು ಮಡಿಸುವುದು ನಮಗೆ ಗೊತ್ತು, ‘ಎ’ಯನ್ನೋ ‘ಒ’ವನ್ನೋ ಮಡಿಸಿ ಹೇಳಲು ಪ್ರಯತ್ನಿಸಿದರೆ ಅದೆಷ್ಟು ಅಪರೂಪದ ಗುಣವೆಂಬುದು ತಿಳಿದೀತು.

ಬಡಗರು ಬಂದಾಗ ಬೆಟ್ಟ ಖಾಲಿಯಾಗಿರಲಿಲ್ಲ. ಎಮ್ಮೆ ಸಾಕುವ ತೋಡರು, ಕಮ್ಮಾರಿಕೆ, ಕುಂಬಾರಿಕೆ ಮತ್ತು ವಾದ್ಯಗಳಲ್ಲಿ ನುರಿತ ಕೋತರು, ಇಳಿಜಾರಿನ ಕಾಡುಗಳಲ್ಲಿ ಜೇನು ಕೀಳುವ ಕುರುಂಬರು ಅಲ್ಲಿದ್ದರು. ಬಡಗರು ರಾಗಿ, ಸಾಮೆ, ಬಾರ್ಲಿ ಬೆಳೆದು ಕೊಟ್ಟರು. ತೋಡರಿಂದ ತುಪ್ಪ, ಕೋತರಿಂದ ಕುಡುಗೋಲು, ಮಡಕೆ ಮತ್ತು ಸಾವಿನ ಮನೆಗೆ ವಾದ್ಯ, ಕುರುಂಬರಿಂದ ಜೇನು ಹಾಗೂ ಮಾಟಮಂತ್ರದಿಂದ ರಕ್ಷಣೆ ಪಡೆದರು. ಹಣದ ನಂಟಿಲ್ಲದ ಈ ಕೊಡುಕೊಳ್ಳುವಿಕೆ ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೂ ನಡೆದು ಬಂದಿತು.

ಹೆತ್ತೆಯ ಹಬ್ಬ

ಬಡಗದಲ್ಲಿ ಹೆತ್ತೆ ಎಂದರೆ ಅಜ್ಜಿ, ಮೂಲತಾಯಿ. ಆ ಹೆತ್ತೆಯೇ ಅವರ ಕುಲದೇವತೆ. ಅವಳು ಒಂದು ಹಟ್ಟಿಯಲ್ಲಿ ಹುಟ್ಟಿದ ಸಾಮಾನ್ಯ ಹೆಣ್ಣುಮಗಳಾಗಿದ್ದಳು ಎಂಬುದರಲ್ಲಿ ಎಲ್ಲ ಪಾಠಗಳೂ ಹೆಚ್ಚುಕಡಿಮೆ ಒಂದಾಗುತ್ತವೆ. ಅವಳು ನೀರಿನಲ್ಲಿ ಮರೆಯಾದಳೆಂದು ಕೆಲವರೂ, ಗಂಡನೊಡನೆ ಚಿತೆಯೇರಿದಳೆಂದು ಕೆಲವರೂ ಹೇಳುತ್ತಾರೆ. ಆಕಾಶದಿಂದಿಳಿದ ದೇವಿಯಾಗಿರದೆ ಸತ್ತು ದೇವರಾದ ಅಜ್ಜಿಯಾಗಿರುವುದು ಈ ಕತೆಯ ವಿಶೇಷ.

ಹೆತ್ತೆಯ ಹಬ್ಬ ಡಿಸೆಂಬರ್ ಜನವರಿಗಳಲ್ಲಿ, ಸರಿಯಾಗಿ ಹುಲ್ಲು ಬೆಳ್ಳಗಾಗುವ ದಿನಗಳಲ್ಲಿ ಬರುತ್ತದೆ. ಕೋಟಗಿರಿ ಬಳಿಯ ಬೇರಗಣಿಯಲ್ಲಿ ನಡೆಯುವ ಹಬ್ಬಕ್ಕೆ ಸುತ್ತಲಿನ ಹಟ್ಟಿಗಳಿಂದ ಸಾವಿರಾರು ಜನ ಬಿಳಿಯ ಬಟ್ಟೆ ತೊಟ್ಟು ಸೇರುತ್ತಾರೆ. ಹಿಂದೆ ಈ ಹಬ್ಬಕ್ಕೆಂದೇ ಬಯಲುಸೀಮೆಯಿಂದ ದೇವಾಂಗ ನೇಕಾರರನ್ನು ಮಗ್ಗದ ಸಮೇತ ಮೇಲಕ್ಕೆ ಕರೆತಂದು, ದೇವಿಗೆ ಉಡಿಸುವ ಬಟ್ಟೆಯನ್ನು ಅಲ್ಲೇ ನೇಯಿಸುತ್ತಿದ್ದರು. ಹತ್ತಿ ಬೆಳೆಯಲಾಗದ ಎತ್ತರದಲ್ಲಿ, ವರ್ಷದ ಅತಿ ಹೆಚ್ಚಿನ ಚಳಿಯಲ್ಲಿ, ಅಜ್ಜಿಗೆ ಹೊಸ ಬಟ್ಟೆ ಹೊದಿಸುವುದು ಹಬ್ಬದ ತಿರುಳಾಗಿತ್ತು.

ಉಪ್ಪು ಕೊಡುವ ಹಬ್ಬ

ಬಡಗರ ಹಬ್ಬಗಳಲ್ಲಿ ಹೊರಗಿನವರಿಗೆ ಅತ್ಯಂತ ವಿಚಿತ್ರವಾಗಿ ಕಾಣುವುದು ದನ ಎಮ್ಮೆಗಳಿಗೆ ಉಪ್ಪು ಕೊಡುವ ಹಬ್ಬ. ನೆಲದಲ್ಲಿ ಗುಳಿ ತೋಡಿ, ನೀರು ತುಂಬಿ, ಅದರಲ್ಲಿ ಉಪ್ಪು ಕರಗಿಸಿ, ವಿಧಿವತ್ತಾಗಿ ಜಾನುವಾರುಗಳಿಗೆ ಕುಡಿಸುತ್ತಾರೆ. ತೋಡರಲ್ಲಿಯೂ ಎಮ್ಮೆಗಳಿಗೆ ವರ್ಷದಲ್ಲಿ ಹಲವು ಬಾರಿ ಉಪ್ಪು ಕೊಡುವ ಇಂಥದೇ ಆಚರಣೆಯಿದೆ. ಎರಡು ಬೇರೆ ಭಾಷೆಯ, ಬೇರೆ ದೇವರ ಜನರು ಒಂದೇ ವಸ್ತುವನ್ನು ಪವಿತ್ರಗೊಳಿಸಿದ್ದೇಕೆ?

ಉತ್ತರ ಮಳೆಯಲ್ಲಿದೆ. ಉಪ್ಪಿನಲ್ಲಿರುವ ಸೋಡಿಯಂ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಮುಂಗಾರು, ಹಿಂಗಾರು ಎರಡರ ಮಳೆಯನ್ನೂ ಸಾವಿರಾರು ವರ್ಷ ಉಂಡ ಬೆಟ್ಟದ ಮಣ್ಣಿನಿಂದ ಅದು ತೊಳೆದುಹೋಗಿರುತ್ತದೆ. ಮಣ್ಣಿನಲ್ಲಿಲ್ಲದ್ದು ಹುಲ್ಲಿನಲ್ಲೂ ಇರುವುದಿಲ್ಲ. ಹಾಲು ಕೊಡುವ ಪ್ರಾಣಿಗೆ ಸೋಡಿಯಂ ಇನ್ನಷ್ಟು ಬೇಕು, ಏಕೆಂದರೆ ಹಾಲಿನೊಡನೆ ಅದೂ ಹೊರಹೋಗುತ್ತಿರುತ್ತದೆ. ಸಮುದ್ರದಿಂದ ದೂರದ ಬೆಟ್ಟದ ತುದಿಗೆ ಉಪ್ಪು ಬರಬೇಕಾದದ್ದು ಬಯಲಿನಿಂದ, ಆಳುಗಳ ಬೆನ್ನಿನ ಮೇಲೆ. ಅಷ್ಟು ದುಬಾರಿಯಾದ ವಸ್ತುವನ್ನು ಮನುಷ್ಯರು ತಮಗೇ ಇಟ್ಟುಕೊಳ್ಳದೆ ಎಮ್ಮೆಗೆ ತಪ್ಪದೆ ಕೊಡಬೇಕಾದರೆ ದಿನ ಗೊತ್ತುಮಾಡಿ ಹಬ್ಬವಾಗಿಸುವುದಕ್ಕಿಂತ ಗಟ್ಟಿಯಾದ ಕಟ್ಟುಪಾಡು ಇನ್ನಾವುದಿದ್ದೀತು? ಹಾಗೆಂದು ಹಬ್ಬವೆಂದರೆ ಪಶುವೈದ್ಯವಷ್ಟೇ ಎಂದು ಹೇಳಿಬಿಡುವುದೂ ಸರಿಯಾಗದು. ಸೋಡಿಯಂ ಕೊರತೆಯಿಂದ ಉಪ್ಪು ಏಕೆ ಎಂಬುದು ತಿಳಿಯುತ್ತದೆ. ಅದನ್ನು ಯಾರು, ಯಾವ ವಾರ, ಏನು ಹೇಳುತ್ತ ಕೊಡಬೇಕು ಎಂಬುದು ತಿಳಿಯುವುದಿಲ್ಲ.

ಪಾಪಗಳನ್ನು ಹೊತ್ತ ಕರು

ಬಡಗರ ಬಾಯಿಮಾತಿನ ಪರಂಪರೆಯಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಸಾವಿನ ಹೊತ್ತಿನ ಒಂದು ಪಠಣ. ಶವದ ಬಳಿ ನಿಂತ ಹಿರಿಯರೊಬ್ಬರು ಸತ್ತವರ ಹೆಸರಿನಲ್ಲಿ ಪಾಪಗಳ ಪಟ್ಟಿಯನ್ನು ಒಂದೊಂದಾಗಿ ಹೇಳುತ್ತಾರೆ. ಸುತ್ತ ನಿಂತವರು ಪ್ರತಿಯೊಂದಕ್ಕೂ ‘ಪಾಪ’ ಎಂದು ದನಿಗೂಡಿಸುತ್ತಾರೆ. ಸತ್ತವರು ಆ ಪಾಪಗಳನ್ನು ನಿಜವಾಗಿ ಮಾಡಿದ್ದರೇ ಎಂಬ ವಿಚಾರಣೆ ಅಲ್ಲಿಲ್ಲ. ಅವರೂ ಅವರ ಹಿರಿಯರೂ ಮಾಡಿರಬಹುದಾದ 1,300 ಪಾಪಗಳೂ ಬಸವನ ಪಾದಕ್ಕೆ ಸೇರಲಿ ಎಂಬುದು ಅದರ ಪಲ್ಲವಿ. ಹಿಂದೆ ಎಮ್ಮೆಯ ಕರುವೊಂದನ್ನು ತಂದು, ಅದನ್ನು ಮುಟ್ಟಿ ಪಾಪಗಳನ್ನು ಅದಕ್ಕೆ ವಹಿಸಿ, ಬೆಟ್ಟಕ್ಕೆ ಓಡಿಸುತ್ತಿದ್ದರು. ಅನಂತರ ಆ ಕರುವನ್ನು ಯಾರೂ ಯಾವ ಕೆಲಸಕ್ಕೂ ಬಳಸುವಂತಿರಲಿಲ್ಲ. ಎಮ್ಮೆಗಳೇ ವಿರಳವಾದ ಇಂದಿನ ಹಟ್ಟಿಗಳಲ್ಲಿ ಕರುವಿಲ್ಲದೆಯೂ ಪಠಣ ನಡೆಯುತ್ತದೆ. ಪಠಣದಲ್ಲಿ ಬಸವನ ಹೆಸರು ಬರುವುದರಿಂದ ಮೈಸೂರು ಸೀಮೆಯ ಶೈವ ಪರಂಪರೆಯ ನೆನಪು ಎಷ್ಟು ದೂರ ಪ್ರಯಾಣ ಮಾಡಿದೆ ಎಂಬುದು ಕಾಣುತ್ತದೆ.

19ನೆಯ ಶತಮಾನದಲ್ಲಿ ಬರೆದಿಟ್ಟ ಪಾಠಗಳಲ್ಲಿ ಬರುವ ಪಾಪಗಳನ್ನು ಗಮನವಿಟ್ಟು ನೋಡಬೇಕು. ಕೊಲೆ, ಕಳವುಗಳಂಥ ದೊಡ್ಡ ಅಪರಾಧಗಳಿಗಿಂತ ಹೆಚ್ಚಾಗಿ ಅಲ್ಲಿರುವುದು ಬೆಟ್ಟದ ದಿನಬಳಕೆಯ ತಪ್ಪುಗಳು. ಹರಿದಾಡುವ ಹಾವನ್ನು, ಹಲ್ಲಿಯನ್ನು, ಕಪ್ಪೆಯನ್ನು ಕೊಂದದ್ದು ಪಾಪ. ಹರಿಯುವ ತೊರೆಗೆ ಕೈಮುಗಿಯದೆ ನೀರು ಕುಡಿದದ್ದು ಪಾಪ. ಕೆರೆಯ ಏರಿ ಒಡೆದು ನೀರು ಪೋಲು ಮಾಡಿದ್ದು ಪಾಪ. ಹೊಲದ ಗಡಿಕಲ್ಲನ್ನು ಸರಿಸಿದ್ದು, ಎಳೆಯ ಎತ್ತನ್ನು ನೇಗಿಲಿಗೆ ಕಟ್ಟಿದ್ದು, ನೆರೆಯವನ ಒಳ್ಳೆಯ ಎಮ್ಮೆಯನ್ನು ಕಂಡು ಹೊಟ್ಟೆಕಿಚ್ಚುಪಟ್ಟದ್ದು, ದಾರಿ ತಪ್ಪಿ ಬಂದ ಪರವೂರಿನವನಿಗೆ ತಪ್ಪು ದಾರಿ ತೋರಿಸಿದ್ದು, ಚಳಿಯಲ್ಲಿ ನಡುಗುತ್ತ ಬಂದವನಿಗೆ ಬೆಂಕಿ ಕೊಡದಿದ್ದದ್ದು, ಇವೆಲ್ಲವೂ ಪಾಪ.

ಬಯಲುಸೀಮೆಯಲ್ಲಿ ತಪ್ಪು ದಾರಿ ತೋರಿಸುವುದು ಕುಚೋದ್ಯವಾದೀತು. ನೀಲಗಿರಿಯಲ್ಲಿ ಮಳೆಗಾಲದ ಮಧ್ಯಾಹ್ನ ಕಣಿವೆಯಿಂದ ಮೇಲೆದ್ದ ಮೋಡವು ಇಳಿಜಾರನ್ನು ತಾಗಿ ನಿಂತರೆ ಹತ್ತು ಮಾರಿನಾಚೆ ಏನೂ ಕಾಣುವುದಿಲ್ಲ. ಒಂದು ಗುಡ್ಡದ ಹುಲ್ಲಿಗೂ ಇನ್ನೊಂದರ ಹುಲ್ಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅಲ್ಲಿ ತಪ್ಪಿದ ದಾರಿ ಪ್ರಪಾತದ ಅಂಚಿಗೆ ಒಯ್ಯಬಹುದು. ಬೆಂಕಿ ಕೊಡದಿರುವುದು ಪಾಪವೆಂಬುದಂತೂ ಈ ಲೇಖನದ ಮೊದಲ ಭಾಗವನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ. ನೀರಿನ ಎರಡು ಪಾಪಗಳ ಹಿಂದೆಯೂ ನೆಲದ ಲಕ್ಷಣವಿದೆ: ಹುಲ್ಲುಗಾವಲೂ ಜೌಗೂ ಮಳೆಯ ನೀರನ್ನು ಹತ್ತಿಯಂತೆ ಹೀರಿಕೊಂಡು ಬೇಸಗೆಯುದ್ದಕ್ಕೂ ತೊಟ್ಟುತೊಟ್ಟಾಗಿ ಬಿಡುತ್ತವೆ, ಆ ತೊಟ್ಟುಗಳೇ ಹಟ್ಟಿಯ ತೊರೆಯಾಗಿ, ಮುಂದೆ ಮೋಯಾರ್, ಭವಾನಿ ನದಿಗಳಾಗಿ ಕಾವೇರಿಯನ್ನು ಸೇರುತ್ತವೆ. ತೊರೆಯ ತಲೆಯಲ್ಲಿ ಇರುವವನ ನಡತೆ ಕೆಳಗಿನವರೆಲ್ಲರಿಗೂ ತಟ್ಟುತ್ತದೆ.

ಪಟ್ಟಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ನೆರೆಯವನ ಮೇಲೆ ಸರ್ಕಾರಕ್ಕೆ ದೂರು ಒಯ್ದದ್ದೂ ಪಾಪವೇ. ವ್ಯಾಜ್ಯ ತೀರಬೇಕಾದದ್ದು ಸುತ್ತುಕಲ್ಲಿನಲ್ಲಿ. ಕೆಳಗಿನ ಕಚೇರಿಗೆ ಹೋದರೆ ಹಟ್ಟಿಯ ಮಾತು ಹಟ್ಟಿಯ ಕೈಯಲ್ಲಿ ಉಳಿಯುವುದಿಲ್ಲ.

ಪಠಣದ ಕೊನೆಯಲ್ಲಿ ಆತ್ಮವು ನೂಲಿನ ಸೇತುವೆಯೊಂದನ್ನು ದಾಟಬೇಕು. ಆ ನೂಲು ತುಯ್ಯದಿರಲಿ, ಆಚೆಯ ಬಾಗಿಲು ತೆರೆದಿರಲಿ ಎಂದು ಕೋರುತ್ತಾರೆ.

ತೋಡರ ಎಮ್ಮೆ, ಪಡುವಣದ ಲೋಕ

ತೋಡರ ಹೆಸರು ಕನ್ನಡಕ್ಕೆ ಹೊಸದಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಹೆದರಿಸಿ ನೀಲಾದ್ರಿಯನ್ನು ಹೊಕ್ಕನೆಂದು ಚಾಮರಾಜನಗರದ ಬಸದಿಯ 1117ರ ಶಾಸನ ಹೇಳುತ್ತದೆ. ಬಡಗರು ಇಂದಿಗೂ ಅವರನ್ನು ಕರೆಯುವುದು ತೊದವರೆಂದೇ.

ತೋಡರ ಸೃಷ್ಟಿಕತೆಯಲ್ಲಿ ಮನುಷ್ಯನಿಗಿಂತ ಎಮ್ಮೆ ಮೊದಲು. ಓನ್ ಎಂಬ ದೇವರು ಬೆಟ್ಟದ ಮೇಲೆ ನಿಂತು ನೆಲದೊಳಗಿನಿಂದ 1,600 ಎಮ್ಮೆಗಳನ್ನು ಹೊರತೆಗೆದನು. ಅವನ ಹೆಂಡತಿ 1,800 ಎಮ್ಮೆಗಳನ್ನು ಹೊರತೆಗೆದಳು. ಓನ್ ತೆಗೆದವುಗಳಲ್ಲಿ ಕೊನೆಯ ಎಮ್ಮೆಯ ಬಾಲ ಹಿಡಿದುಕೊಂಡು ಒಬ್ಬ ಮನುಷ್ಯ ಮೇಲೆ ಬಂದನು. ಅವನೇ ಮೊದಲ ತೋಡ. ತೋಡರು ಸಸ್ಯಾಹಾರಿಗಳು, ಅವರ ಗುಡಿಯೆಂದರೆ ಹಾಲು ಕಡೆಯುವ ಮನೆ, ಪೂಜಾರಿಯೆಂದರೆ ಹಾಲು ಕರೆದು ಕಡೆಯುವವನು. ಅದೇ ಓನ್ ಈಗ ಸತ್ತವರ ಲೋಕವನ್ನು ಆಳುತ್ತಾನೆ. ಆ ಲೋಕ ಪಡುವಣದಲ್ಲಿದೆ. ನೀಲಗಿರಿಯ ಪಡುವಣ ಅಂಚಿನ ಮುಕುರ್ತಿ ಶಿಖರದ ಕಡೆ ಹೋದವರಿಗೆ ಆ ದಿಕ್ಕಿನ ಗಾಂಭೀರ್ಯ ತಿಳಿದಿರುತ್ತದೆ: 2,500 ಮೀಟರ್ ಎತ್ತರದ ಹುಲ್ಲುಗಾವಲು ಒಂದು ಹೆಜ್ಜೆಯ ಅಂತರದಲ್ಲಿ ಮುಗಿದು, ಕೇರಳದ ಕಾಡುಗಳ ಮೇಲಿನ ಮೋಡದೊಳಕ್ಕೆ ಕಡಿದಾಗಿ ಇಳಿಯುತ್ತದೆ.

ತೋಡರ ಗುಡಿಗಳಲ್ಲಿ ಕೆಲವು ಪೀಪಾಯಿಯನ್ನು ಸೀಳಿ ಮಗುಚಿದ ಆಕಾರದವು, ಕೆಲವೇ ಕೆಲವು ಶಂಕುವಿನಾಕಾರದವು. ಇವುಗಳಿಗೆ ಹೊದಿಸಲು ಯಾವುದೋ ಹುಲ್ಲು ನಡೆಯುವುದಿಲ್ಲ. ಜೌಗಿನಲ್ಲಿ ಮಾತ್ರ ಬೆಳೆಯುವ, ಸಸ್ಯವಿಜ್ಞಾನಿಗಳು ಎರಿಯೋಕ್ರೈಸಿಸ್ ರಂಗಾಚಾರಿ ಎಂದು ಹೆಸರಿಸಿರುವ ಹುಲ್ಲೇ ಬೇಕು. ಜೌಗುಗಳು ಒಣಗಿ, ಗದ್ದೆ ತೋಟಗಳಾಗಿ ಬದಲಾದಂತೆ ಆ ಹುಲ್ಲು ವಿರಳವಾಗುತ್ತಿದೆ. ಒಂದು ಗುಡಿಯ ಚಾವಣಿ ಬದಲಿಸಲು ಹುಲ್ಲು ಹುಡುಕಿಕೊಂಡು ಹಲವು ತಗ್ಗುಗಳನ್ನು ಅಲೆಯಬೇಕಾಗುತ್ತದೆ.

ಬೆಟ್ಟ ನೀಲಿಯಾದದ್ದು ಹೇಗೆ?

ಇದಕ್ಕೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. ದೂರದ ಯಾವ ಬೆಟ್ಟವಾದರೂ ನೀಲಿಯಾಗಿಯೇ ಕಾಣುತ್ತದೆ, ಏಕೆಂದರೆ ನಮಗೂ ಬೆಟ್ಟಕ್ಕೂ ನಡುವಿನ ಗಾಳಿ ಬೆಳಕಿನ ನೀಲಿ ಅಂಶವನ್ನು ಹೆಚ್ಚು ಚದುರಿಸುತ್ತದೆ. ಗುಂಡ್ಲುಪೇಟೆಯ ಬಯಲಿನಿಂದ ದಕ್ಷಿಣಕ್ಕೆ ನೋಡಿದರೆ ಇದಕ್ಕೆ ಪುರಾವೆ ಕಣ್ಣೆದುರಿಗೇ ಇದೆ. ಇನ್ನೊಂದು ಉತ್ತರ ಕುರಿಂಜಿಯದು. ನೀಲಿ ಹೂವು ಬಿಡುವ, ಹುಲ್ಲುಗಾವಲಿನ ಈ ಪೊದೆ ಹನ್ನೆರಡು ವರ್ಷ ಬೆಳೆದು, ಒಮ್ಮೆಲೇ ಬೆಟ್ಟವಿಡೀ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಎಲ್ಲವೂ ಒಟ್ಟಿಗೆ ಬೀಜ ಸುರಿದರೆ ತಿನ್ನುವ ಇಲಿ, ಹಕ್ಕಿ, ಹುಳುಗಳು ತಿಂದು ಮುಗಿಸಲಾರವು, ಉಳಿದದ್ದು ಮೊಳೆಯುತ್ತದೆ. ಕೇರಳದ ಎರವಿಕುಲಂನಲ್ಲಿ 2006 ಮತ್ತು 2018ರಲ್ಲಿ ಅದು ಅರಳಿತು. ಚಿಕ್ಕಮಗಳೂರಿನ ಚಂದ್ರದ್ರೋಣ ಶ್ರೇಣಿಯಲ್ಲಿ 2022ರಲ್ಲಿ ಅರಳಿದಾಗ ಜನ ಮುಗಿಬಿದ್ದರು. ಒಂದೊಂದು ಬೆಟ್ಟದ ಕುರಿಂಜಿಗೂ ಅದರದೇ ಲೆಕ್ಕವಿರುತ್ತದೆ.

ಚಹಾದ ತೋಟ ಮತ್ತು ಅದೇ ಚಳಿ

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿದ ಮೇಲಿನ ಇನ್ನೂರು ವರ್ಷಗಳಲ್ಲಿ ನೀಲಗಿರಿ ಬಹಳ ಬದಲಾಗಿದೆ. ಸಾಮೆ, ಬಾರ್ಲಿಯ ಜಾಗಕ್ಕೆ ಮೊದಲು ಆಲೂಗೆಡ್ಡೆ, ಅನಂತರ ಚಹಾ ಬಂತು. ಸೌದೆಗಾಗಿ ಆಸ್ಟ್ರೇಲಿಯಾದಿಂದ ತಂದ ನೀಲಗಿರಿ ಮರವು ಕನ್ನಡದಲ್ಲಿ ಬೆಟ್ಟದ ಹೆಸರನ್ನೇ ತನ್ನದಾಗಿಸಿಕೊಂಡಿತು. ತೊಗಟೆಗಾಗಿ ತಂದ ವ್ಯಾಟಲ್ ಮರವು ಶೋಲೆಯ ಸಸಿಗಳಿಗೆ ಸಾಧ್ಯವಾಗದ್ದನ್ನು ಸಾಧಿಸಿ, ಹುಲ್ಲುಗಾವಲಿನೊಳಗೆ ತಾನಾಗಿಯೇ ಹಬ್ಬಿತು.

ಚಳಿ ಮಾತ್ರ ಹಳೆಯ ದಾರಿಯಲ್ಲೇ ಇಳಿಯುತ್ತದೆ. ಹಟ್ಟಿಯ ಪಕ್ಕದ ಇಳಿಜಾರಿನ ಚಹಾ ಗಿಡಗಳು ಹಸಿರಾಗಿ ನಿಂತಿರುವಾಗ, ಹಿಂದೆ ಜೌಗಾಗಿದ್ದ ಕೆಳಗಿನ ತಗ್ಗಿನಲ್ಲಿ ನೆಟ್ಟ ಗಿಡಗಳು ಒಂದೆರಡು ರಾತ್ರಿಗಳಲ್ಲಿ ಬೆಂಕಿ ತಗುಲಿದಂತೆ ಕಂದು ಬಣ್ಣಕ್ಕೆ ತಿರುಗುತ್ತವೆ. ಹೆಪ್ಪುಗಟ್ಟಿದ ಎಲೆಗೆ ಬೆಳಗಿನ ಬಿಸಿಲು ನೇರವಾಗಿ ಬಿದ್ದರೆ ಹಾನಿ ಇನ್ನೂ ಹೆಚ್ಚು. ಆದ್ದರಿಂದ ತಗ್ಗಿನ ತೋಟದವರು ಎಳೆಯ ಗಿಡಗಳಿಗೆ ಸೊಪ್ಪು ಹೊದಿಸುತ್ತಾರೆ. ಇನ್ನೂ ಕತ್ತಲಿರುವಾಗಲೇ ಎದ್ದು, ತಲೆಗೆ ಬಟ್ಟೆ ಸುತ್ತಿಕೊಂಡು, ಸೂರ್ಯ ಗುಡ್ಡದ ಅಂಚಿಗೆ ಬರುವ ಮೊದಲು ಎಲೆಗಳ ಮೇಲಿನ ಬಿಳುಪನ್ನು ನೀರು ಚಿಮುಕಿಸಿ ತೊಳೆಯುತ್ತಾರೆ. ಅದೇ ಹೊತ್ತಿಗೆ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿದವರು ಆ ಬಿಳುಪಿನ ಚಿತ್ರ ತೆಗೆಯುತ್ತಿರುತ್ತಾರೆ.